ಜೋಗಿಮಟ್ಟಿ ಹೊಗೆಯಿಂದ ಒಂದು ಕೋಣೆ ಉಳಿಸಿಕೊಂಡದ್ದು: ಹಳೆ ಎಕ್ಸಾಸ್ಟ್ ಫ್ಯಾನು, ನಾಲ್ಕು ಫಿಲ್ಟರ್, ಒಂದು ಪ್ಲೈವುಡ್ ಪೆಟ್ಟಿಗೆ

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಬೆಟ್ಟದ ಕಡೆ ಮನೆ ಇರುವವರಿಗೆ ಬೇಸಿಗೆ ಅಂದರೆ ಬಿಸಿಲಿನ ಜೊತೆ ಹೊಗೆಯೂ ಹೌದು. ಶಿವರಾತ್ರಿ ಹೊತ್ತಿಗೆ ಬೆಟ್ಟದ ಮೇಲಿನ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಯಾರೋ ಎಸೆದ ಬೀಡಿ ತುಂಡು, ಹೊಸ ಹುಲ್ಲು ಚಿಗುರಲಿ ಅಂತ ಯಾರೋ ಗೀರಿದ ಕಡ್ಡಿ, ಅಷ್ಟು ಸಾಕು. ನಮ್ಮ ದೇಶದಲ್ಲಿ ಕಾಡಿಗೆ ಬೀಳುವ ಬೆಂಕಿಯಲ್ಲಿ ಹೆಚ್ಚು ಪಾಲು ಮನುಷ್ಯರ ಕೈಯಿಂದಲೇ ಬೀಳುವುದು. ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಬೆಂಕಿ ರೇಖೆ ಮಾಡುತ್ತಾರೆ (ಬೆಂಕಿ ದಾಟದ ಹಾಗೆ ಹುಲ್ಲು ತೆಗೆದ ಪಟ್ಟಿ), ಕಾವಲಿಗೆ ಜನ ಇಡುತ್ತಾರೆ. ಆದರೂ ಕೆಲವು ರಾತ್ರಿ ಗುಡ್ಡದ ಮೇಲೆ ಕೆಂಪು ಗೆರೆ ಕಾಣುತ್ತದೆ.

ನಮ್ಮ ಅವ್ವನಿಗೆ ದಮ್ಮು ಇದೆ. ಹೊಗೆ ಇಳಿದ ರಾತ್ರಿಗಳಲ್ಲಿ ಅವಳು ಮಲಗುವುದಿಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್, ಮಿಕ್ಸಿ, ಫ್ಯಾನು ದಿನಾ ಕೈಗೆ ಬರುತ್ತವೆ. ಕೈಯಲ್ಲಿ ಕೆಲಸ ಇಟ್ಟುಕೊಂಡು ಅವಳನ್ನು ಹಾಗೆ ನೋಡುತ್ತಾ ಕೂರಲು ಆಗಲಿಲ್ಲ.

ಊರಿನ ಗಾಳಿಯನ್ನು ನಾವು ಸೋಸಲು ಆಗುವುದಿಲ್ಲ. ಇಡೀ ಮನೆಯದ್ದೂ ಕಷ್ಟ. ಆದರೆ ಒಂದು ಕೋಣೆ ಆಗುತ್ತದೆ. ಮನೆಯಲ್ಲಿ ಯಾರ ಉಸಿರು ಎಲ್ಲರಿಗಿಂತ ನಾಜೂಕೋ ಅವರು ಮಲಗುವ ಕೋಣೆ. ಅದಕ್ಕಾಗಿ ಫ್ಯಾನಿನಿಂದ ಗಾಳಿಯನ್ನು ಫಿಲ್ಟರ್ ಮೂಲಕ ಎಳೆದು ಸೋಸುವ ಪೆಟ್ಟಿಗೆಯೊಂದನ್ನು ಹೇಗೆ ಮಾಡಿದೆ, ಅದು ಕೆಲಸ ಮಾಡುತ್ತಿದೆ ಅಂತ ಹೇಗೆ ಖಾತ್ರಿ ಮಾಡಿಕೊಂಡೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಯಾರಾದರೂ ಮಾಡಬಹುದಾದ ಕೆಲಸ.

ಮೊದಲು ಹೊಗೆಯ ಬಗ್ಗೆ

ಕಾಡಿನ ಹೊಗೆಯಲ್ಲಿ ಆರೋಗ್ಯಕ್ಕೆ ದೊಡ್ಡ ಪೆಟ್ಟು ಕೊಡುವುದು ಸಣ್ಣ ಕಣಗಳು. ಪಿಎಂ 2.5 ಅಂದರೆ ಎರಡೂವರೆ ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣದು. ತಲೆಗೂದಲಿನ ದಪ್ಪವನ್ನು ಇಪ್ಪತ್ತು ಮೂವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಹೊಗೆಯ ಕಣಗಳಲ್ಲಿ ಬಹುತೇಕ ಒಂದು ಮೈಕ್ರಾನಿಗಿಂತಲೂ ಸಣ್ಣವು. ಮೂಗಿನ ಕೂದಲು, ಗಂಟಲಿನ ಕಫ ಇವನ್ನು ಹಿಡಿಯುವುದಿಲ್ಲ. ನೇರ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ. ದಮ್ಮು ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ, ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಇದರಿಂದ ಅಪಾಯ ಜಾಸ್ತಿ.

ನಮ್ಮ ದೇಶದ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿ ಪಿಎಂ 2.5 ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿದೆ. ಹತ್ತಿರದ ದಾವಣಗೆರೆಯನ್ನೇ ನೋಡಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ನಾಲ್ಕೇ ಊರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಗಾಳಿ ಮಾನದಂಡ ಮುಟ್ಟದ ಊರುಗಳ ಪಟ್ಟಿ ಅದು. ಅಲ್ಲಿ ದೇವರಾಜ ಅರಸ್ ಬಡಾವಣೆಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರ ಇದೆ, ಅದರ ಅಂಕಿಯನ್ನು ಸಮೀರ್ ಆ್ಯಪ್‌ನಲ್ಲಿ ನೋಡಬಹುದು. ಆದರೆ ಸುಮಾರು 60 ಕಿಲೋಮೀಟರ್ ಆಚೆಯ ಅಂಕಿ ನೋಡಿ ನಮ್ಮ ಓಣಿಯ ಕಿಟಕಿ ಹಾಕಬೇಕೋ ತೆಗೀಬೇಕೋ ಅಂತ ಹೇಳಲು ಬರುವುದಿಲ್ಲ. ಬೆಟ್ಟದ ಹೊಗೆ ಒಂದು ಓಣಿಗೆ ಬರುತ್ತದೆ, ಪಕ್ಕದ ಓಣಿಗೆ ಬರದೆ ಇರುತ್ತದೆ. ಹಾಗಾಗಿ ಪೆಟ್ಟಿಗೆಗಿಂತ ಮೊದಲು ಗಾಳಿಯ ಕಣ ಅಳೆಯುವ ಮೀಟರ್ ಮಾಡಿದೆ.

ಮೀಟರ್

ಸೆನ್ಸರ್ ಪ್ಲಾಂಟವರ್ ಕಂಪನಿಯ ಪಿಎಂಎಸ್ 5003. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಒಂದು ಪುಟ್ಟ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಗಳಿಗೆ ಬಡಿದು ಚದುರುತ್ತದೆ, ಆ ಚದುರಿದ ಬೆಳಕನ್ನು ಅಳೆದು ಕಣಗಳ ಲೆಕ್ಕ ಹೇಳುತ್ತದೆ. ಜೊತೆಗೆ ಸೆನ್ಸರ್ ಕಳಿಸುವ ಅಂಕಿಯನ್ನು ಓದುವ ಪುಟ್ಟ ಕಂಪ್ಯೂಟರ್, ಅಂದರೆ ಇಎಸ್‌ಪಿ 8266 ಚಿಪ್ ಇರುವ ನೋಡ್‌ಎಂಸಿಯು ಬೋರ್ಡ್. ಎರಡನ್ನೂ ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಹಳೆ ಮೊಬೈಲ್ ಚಾರ್ಜರ್ ಮನೆಯಲ್ಲೇ ಇತ್ತು.

ವೈರಿಂಗ್ ಸುಲಭ. ಸೆನ್ಸರ್‌ನ ಫ್ಯಾನಿಗೆ 5 ವೋಲ್ಟ್ ಬೇಕು, ಅದನ್ನು ಬೋರ್ಡಿನ ವಿನ್ ಪಿನ್‌ನಿಂದ ಕೊಡಿ. ಗ್ರೌಂಡಿಗೆ ಗ್ರೌಂಡ್. ಸೆನ್ಸರ್‌ನ ಟಿಎಕ್ಸ್, ಅಂದರೆ ಅಂಕಿ ಕಳಿಸುವ ಪಿನ್, ಬೋರ್ಡಿನ ಡಿ5ಕ್ಕೆ. ಮಾತಾಡುವ ಸಿಗ್ನಲ್ 3.3 ವೋಲ್ಟಿನದ್ದೇ, ಹಾಗಾಗಿ ನಡುವೆ ಬೇರೇನೂ ಹಾಕಬೇಕಿಲ್ಲ. ವೇಗ 9600 ಬಾಡ್. ಒಂದೊಂದು ಸಲಕ್ಕೆ 32 ಬೈಟ್ ಬರುತ್ತದೆ. ಮೊದಲ ಎರಡು ಬೈಟ್ 42 ಮತ್ತು 4ಡಿ ಅಂತ ಹೆಕ್ಸ್‌ನಲ್ಲಿ (ಕಂಪ್ಯೂಟರಿನ ಹದಿನಾರರ ಎಣಿಕೆ) ಇದ್ದರೆ ಸಾಲು ಶುರುವಾಯಿತು ಅಂತ ಅರ್ಥ. ಕೊನೆಯ ಎರಡು ಬೈಟ್ ಅಂದರೆ ಅದರ ಹಿಂದಿನ 30 ಬೈಟ್‌ಗಳ ಮೊತ್ತ. ಅದು ತಾಳೆಯಾಗದ ಸಾಲನ್ನು ಬಿಟ್ಟುಬಿಡಿ. ಆನ್ ಮಾಡಿದ ಮೊದಲ ಅರ್ಧ ನಿಮಿಷದ ಅಂಕಿಯನ್ನು ನಂಬಬೇಡಿ, ಫ್ಯಾನು ಹದಕ್ಕೆ ಬರಲು ಅಷ್ಟು ಹೊತ್ತು ಬೇಕು.

ಮೀಟರಿನ ಅಂಕಿಯನ್ನು ಹೇಗೆ ಓದಬೇಕು ಅನ್ನುವುದು ಮುಖ್ಯ. ಕಟ್ಟಿಗೆ, ಹುಲ್ಲಿನ ಹೊಗೆಯಲ್ಲಿ ಈ ಸೆನ್ಸರ್ ನಿಜಕ್ಕೂ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದೇ ಸೆನ್ಸರ್ ಇರುವ ಮೀಟರ್‌ಗಳಿಗೆ ಒಂದು ತಿದ್ದುಪಡಿ ಲೆಕ್ಕ ಕೊಟ್ಟಿದೆ. ಸೆನ್ಸರ್ ಕಳಿಸುವ ಮೊದಲ ಗುಂಪಿನ ಪಿಎಂ 2.5 ಅಂಕಿಯನ್ನು 0.524ರಿಂದ ಗುಣಿಸಿ, ಗಾಳಿಯ ತೇವದ ಶೇಕಡಾವನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಬೇಕು. ಮೀಟರ್ 150 ತೋರಿಸುತ್ತಿದೆ, ತೇವ ಶೇ 40 ಇದೆ ಅಂದರೆ ನಿಜದ ಅಂಕಿ ಸುಮಾರು 81. ಇದು ಅಲ್ಲಿಯ ಗಾಳಿಗೆ ಮಾಡಿದ ಲೆಕ್ಕ, ಆದರೂ ಅಂದಾಜಿಗೆ ಒಳ್ಳೆಯದು. ಮಂಜು ಕವಿದ ಬೆಳಗ್ಗೆ ನೀರಿನ ಹನಿಯನ್ನೂ ಕಣ ಅಂತ ಎಣಿಸುತ್ತದೆ. ರಸ್ತೆಯ ದಪ್ಪ ಧೂಳನ್ನು ಸರಿಯಾಗಿ ಹಿಡಿಯುವುದಿಲ್ಲ. ನನಗೆ ಬೇಕಿದ್ದದ್ದು ಹೊರಗೆ ಎಷ್ಟು, ಒಳಗೆ ಎಷ್ಟು ಅನ್ನುವ ಹೋಲಿಕೆ. ಅದಕ್ಕೆ ಈ ಸೆನ್ಸರ್ ಧಾರಾಳವಾಗಿ ಸಾಕು.

ಮೀಟರನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಗಾಳಿ ಹೋಗುವ ಬರುವ ತೂತು ಎರಡನ್ನೂ ಕೆಳಮುಖ ಮಾಡಿ, ಹಿತ್ತಲ ಸೂರಿನ ಕೆಳಗೆ ನೇತುಹಾಕಿದೆ. ಅಡುಗೆಮನೆ ಕಿಟಕಿಯಿಂದ ದೂರ ಇರಲಿ. ಒಗ್ಗರಣೆ ಹಾಕಿದರೆ ಅಂಕಿ ಜಿಗಿಯುತ್ತದೆ.

ಅದು ಮೊದಲ ವಾರದಲ್ಲೇ ಒಂದು ವಿಷಯ ಕಲಿಸಿತು. ಮಧ್ಯಾಹ್ನ ಬೆಟ್ಟದ ಮೇಲೆ ಹೊಗೆ ಎದ್ದು ಕಾಣುತ್ತಿದ್ದರೂ ನಮ್ಮ ಹಿತ್ತಲಲ್ಲಿ ಅಂಕಿ ಕಡಿಮೆಯೇ ಇರುತ್ತಿತ್ತು. ರಾತ್ರಿ ಏರಲು ಶುರುವಾಗಿ ಬೆಳಗಿನ ಜಾವ ತುದಿ ಮುಟ್ಟುತ್ತಿತ್ತು. ಹಗಲು ನೆಲ ಕಾದು ಗಾಳಿ ಮೇಲೇಳುತ್ತದೆ, ಹೊಗೆಯನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತದೆ. ರಾತ್ರಿ ಗುಡ್ಡದ ಮೇಲಿನ ಗಾಳಿ ತಣ್ಣಗಾಗಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಹೊಗೆಯೂ ಇಳಿಯುತ್ತದೆ. ಮೇಲೆ ಬೆಚ್ಚನೆ ಗಾಳಿಯ ಪದರ ಕೂತುಬಿಟ್ಟರೆ ಹೊಗೆ ಎದ್ದು ಹೋಗಲು ದಾರಿಯೇ ಇಲ್ಲ. ಬಿಸಿಲು ಏರಿದ ಮೇಲೆ ತಾನಾಗಿ ಚದುರುತ್ತದೆ. ನಾವೆಲ್ಲ ಬೇಸಿಗೆಯಲ್ಲಿ ತಂಪು ಬರಲಿ ಅಂತ ರಾತ್ರಿ ಕಿಟಕಿ ತೆಗೆದು ಮಲಗುತ್ತೇವೆ, ಅಲ್ವಾ? ಬೆಂಕಿಯ ದಿನಗಳಲ್ಲಿ ಹೊಗೆ ಒಳಗೆ ತುಂಬುವುದು ಆ ಹೊತ್ತಿನಲ್ಲೇ. ಬೆಳಗಿನ ಜಾವದ ವಾಕಿಂಗ್ ಕೂಡ ಆ ದಿನಗಳಲ್ಲಿ ಬೇಡ.

ಪೆಟ್ಟಿಗೆ

2020ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಅನ್ನುವವರು ಒಂದು ಸರಳ ವಿನ್ಯಾಸ ಹೊರಗೆ ತಂದರು. ನಾಲ್ಕು ಫಿಲ್ಟರ್ ನಿಲ್ಲಿಸಿ ಚೌಕ ಮಾಡಿ, ಮೇಲೆ ಬಾಕ್ಸ್ ಫ್ಯಾನ್ ಇಟ್ಟು ಟೇಪ್ ಸುತ್ತುವುದು. ಫ್ಯಾನು ಗಾಳಿಯನ್ನು ಮೇಲಕ್ಕೆ ಊದುತ್ತದೆ, ಸುತ್ತಲಿನ ಗಾಳಿ ಫಿಲ್ಟರ್ ದಾಟಿ ಒಳಗೆ ಬರಬೇಕಾಗುತ್ತದೆ. ಕೋವಿಡ್ ಕಾಲಕ್ಕೆ ಹುಟ್ಟಿದ್ದು, ಕಾಡಿನ ಬೆಂಕಿಯ ಹೊಗೆಗೂ ಅಲ್ಲಿ ತುಂಬಾ ಜನ ಬಳಸುತ್ತಾರೆ. 2023ರ ಜೂನ್‌ನಲ್ಲಿ ಕೆನಡಾದ ಕಾಡಿನ ಹೊಗೆ ನೂರಾರು ಮೈಲಿ ದಾಟಿ ನ್ಯೂಯಾರ್ಕ್ ಆಕಾಶವನ್ನೇ ಕಿತ್ತಳೆ ಬಣ್ಣ ಮಾಡಿತ್ತು, ಫೋಟೋ ನೀವೂ ನೋಡಿರುತ್ತೀರಿ.

ನಮ್ಮ ಕಡೆ ಆ ಥರದ ಚೌಕ ಬಾಕ್ಸ್ ಫ್ಯಾನ್ ಸುಲಭಕ್ಕೆ ಸಿಗುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಎಲ್ಲ ಕಡೆ ಸಿಗುತ್ತದೆ, ಮತ್ತು ಈ ಕೆಲಸಕ್ಕೆ ಅದೇ ಚೆನ್ನ. ಬಾಕ್ಸ್ ಫ್ಯಾನಿನ ಮೂಲೆಗಳಲ್ಲಿ ಗಾಳಿ ವಾಪಸ್ ನುಗ್ಗುತ್ತದೆ ಅಂತ ಅವರು ರಟ್ಟು ಕತ್ತರಿಸಿ ಮೂಲೆ ಮುಚ್ಚುತ್ತಾರೆ. ಎಕ್ಸಾಸ್ಟ್ ಫ್ಯಾನಿಗೆ ದುಂಡು ಬಳೆ ಇದ್ದೇ ಇರುತ್ತದೆ, ರೆಕ್ಕೆಗೂ ಬಳೆಗೂ ನಡುವೆ ಸಂದು ಕಡಿಮೆ.

ನನ್ನ ಹತ್ತಿರ ಒಂದು ಹೋಟೆಲ್ ಅಡುಗೆಮನೆಯಿಂದ ಗುಜರಿಗೆ ಬಂದಿದ್ದ 12 ಇಂಚಿನ ಫ್ಯಾನು ಇತ್ತು. ಎಣ್ಣೆ ಜಿಡ್ಡು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ರೆಕ್ಕೆ, ಬಳೆ ಬಿಚ್ಚಿ ಬಿಸಿನೀರು ಮತ್ತು ಪಾತ್ರೆ ಸೋಪಿನಲ್ಲಿ ನೆನೆಹಾಕಿ ಉಜ್ಜಿದೆ. ಮೋಟಾರಿಗೆ ನೀರು ತಾಗಿಸದೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಬುಷ್ ಸವೆದು ಶಾಫ್ಟ್ ಅಲುಗಾಡುತ್ತಿತ್ತು, ಹೊಸ ಬುಷ್ ಹಾಕಿದೆ. ಕಂಡೆನ್ಸರ್ ಕೂಡ ಬದಲಾಯಿಸಿದೆ. ಹಳೆಯದರ ಮೇಲೆ ಎಷ್ಟು ಬರೆದಿದೆಯೋ ಅಷ್ಟರದ್ದೇ ಹಾಕಬೇಕು. ಜೋರು ತಿರುಗಲಿ ಅಂತ ದೊಡ್ಡದು ಹಾಕಿದರೆ ವೈಂಡಿಂಗ್ ಕಾಯುತ್ತದೆ. ರೆಕ್ಕೆ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಿ. ಪ್ರತಿ ಸಲ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ತೂಕ ಸಮ ಇಲ್ಲ, ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ. ಮಲಗುವ ಕೋಣೆಯಲ್ಲಿ ಸದ್ದು ಮಾಡುವ ಯಂತ್ರವನ್ನು ಎರಡನೇ ದಿನ ಆಫ್ ಮಾಡಿಬಿಡುತ್ತಾರೆ. ಹಾಗಾಗಿ ಈ ಭಾಗಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಹೊಸ ಫ್ಯಾನ್ ಕೊಳ್ಳುವವರಿಗೆ ಇದೆಲ್ಲ ಬೇಕಿಲ್ಲ.

ಫಿಲ್ಟರ್: ಏರ್ ಪ್ಯೂರಿಫೈಯರ್‌ಗಳಿಗೆ ಬದಲಿ ಫಿಲ್ಟರ್ ಅಂತ ಮಾರುವ ಹೆಪಾ ಪ್ಯಾನಲ್ (ಸಣ್ಣ ಕಣ ಹಿಡಿಯುವ ದಟ್ಟ ಎಳೆಗಳ ಫಿಲ್ಟರ್), ಅಂದಾಜು 14 ಇಂಚು ಉದ್ದ 11 ಇಂಚು ಅಗಲದ್ದು, ನಾಲ್ಕು. ಎಲ್ಲದಕ್ಕಿಂತ ಜಾಸ್ತಿ ದುಡ್ಡು ಹೋದದ್ದು ಇದಕ್ಕೇ. ಒಂದೇ ಪ್ಯಾನಲ್ ಫ್ಯಾನಿಗೆ ಕಟ್ಟಿದರೆ ಸಾಲದಾ ಅಂತ ಅಂಗಡಿಗೆ ಬಂದವರೆಲ್ಲ ಕೇಳಿದರು. ಎಕ್ಸಾಸ್ಟ್ ಫ್ಯಾನು ತುಂಬಾ ಗಾಳಿ ತಳ್ಳುತ್ತದೆ, ಆದರೆ ಅದಕ್ಕೆ ಒತ್ತಡ ತಡೆಯುವ ಶಕ್ತಿ ಕಡಿಮೆ. ಎದುರಿಗೆ ದಟ್ಟ ಫಿಲ್ಟರ್ ಒಂದೇ ಇದ್ದರೆ ರೆಕ್ಕೆ ಸುಮ್ನೆ ತಿರುಗುತ್ತದೆ, ಗಾಳಿ ಸಾಗುವುದಿಲ್ಲ. ನಾಲ್ಕು ಕಡೆ ಫಿಲ್ಟರ್ ಇಟ್ಟಾಗ ಗಾಳಿ ಒಳಬರುವ ಜಾಗ ಫ್ಯಾನಿನ ಬಾಯಿಗಿಂತ ನಾಲ್ಕು ಪಟ್ಟಿಗೂ ಮೇಲಾಗುತ್ತದೆ. ಪ್ರತಿ ಫಿಲ್ಟರಿನಲ್ಲೂ ಗಾಳಿ ನಿಧಾನವಾಗಿ ದಾಟುತ್ತದೆ. ಕಣಗಳೂ ಚೆನ್ನಾಗಿ ಸಿಕ್ಕಿಕೊಳ್ಳುತ್ತವೆ, ಮೋಟಾರಿಗೂ ಭಾರ ಇಲ್ಲ, ಫಿಲ್ಟರೂ ಹೆಚ್ಚು ದಿನ ಬರುತ್ತದೆ.

ಪೆಟ್ಟಿಗೆ ಹೊಡೆದುಕೊಟ್ಟವರು ನಮ್ಮ ಓಣಿಯ ಆಚಾರ್ರು. 12 ಎಂಎಂ ಪ್ಲೈವುಡ್, 16 ಇಂಚು ಚೌಕ, 18 ಇಂಚು ಎತ್ತರ. ಫಿಲ್ಟರುಗಳನ್ನು ಒಳಗಿನಿಂದ ಕೂರಿಸುವ ಹಾಗೆ ನಾನು ಚಿತ್ರ ಬರೆದಿದ್ದೆ. ಅವರು ನೋಡಿ, "ಒಳಗಡೆ ಯಾಕಪ್ಪಾ? ಹೊರಗಿಂದ ಇಡು. ಫ್ಯಾನು ಎಳೆದಾಗ ತಾನೇ ಬಿಗಿಯಾಗುತ್ತೆ. ನಾಳೆ ಬದಲಾಯಿಸೋದಕ್ಕೂ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ" ಅಂದರು. ಎಷ್ಟು ಸರಿಯಾದ ಮಾತು! ಒಂದೊಂದು ಮುಖದಲ್ಲಿ 13 ಇಂಚು ಉದ್ದ 10 ಇಂಚು ಅಗಲದ ಕಿಂಡಿ ಕೊಯ್ದರು. ಕಿಂಡಿಯ ಸುತ್ತ ಫೋಮ್ ಪಟ್ಟಿ ಅಂಟಿಸಿ, ಅದರ ಮೇಲೆ ಫಿಲ್ಟರ್ ಇಟ್ಟು, ನಾಲ್ಕು ಮೂಲೆಗೆ ತಗಡಿನ ಕ್ಲಿಪ್ ಹಾಕಿ ರೆಕ್ಕೆ ನಟ್ಟಿನಿಂದ ಬಿಗಿದೆವು. ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತು ಇದ್ದರೆ ಅದು ಪೆಟ್ಟಿಗೆಯ ಒಳಗಡೆ ಮುಖ ಮಾಡಿರಬೇಕು.

ಮೇಲೆ ಫ್ಯಾನು, ಗಾಳಿ ಮೇಲಕ್ಕೆ ಊದುವ ಹಾಗೆ. ಅದರ ಮೇಲೆ ಗ್ರಿಲ್ ಕಡ್ಡಾಯ. ಅಣ್ಣನ ಮಗಳು ಎಲ್ಲದಕ್ಕೂ ಬೆರಳು ಹಾಕುವ ವಯಸ್ಸಿನವಳು. ಮೂರು ಪಿನ್ ಪ್ಲಗ್, ಅರ್ತಿಂಗ್ ವೈರ್ ಫ್ಯಾನಿನ ಲೋಹದ ಮೈಗೆ. ತಳಕ್ಕೆ ರಬ್ಬರ್ ಬುಡ.

ಊದಿನಕಡ್ಡಿ ಪರೀಕ್ಷೆ

ಫ್ಯಾನು ಹಾಕಿ, ಊದಿನಕಡ್ಡಿ ಹಚ್ಚಿ, ಪೆಟ್ಟಿಗೆಯ ಪ್ರತಿ ಸಂದಿನ ಹತ್ತಿರ ಹಿಡಿದು ನೋಡಿ. ಹೊಗೆ ಪಕ್ಕಕ್ಕೆ ಬಾಗಿ ಸಂದಿನೊಳಗೆ ಹೋದರೆ ಅಲ್ಲಿ ಸೋರಿಕೆ ಇದೆ, ಸೋಸದ ಗಾಳಿ ಒಳಗೆ ಹೋಗುತ್ತಿದೆ. ಪ್ಲೈವುಡ್ ಕೂಡುವ ಎರಡು ಮೂಲೆಯಲ್ಲಿ ಹಾಗೆ ಎಳೆಯಿತು, ಸಿಲಿಕೋನ್ ತುಂಬಿದೆ. ಆಮೇಲೆ ಅದೇ ಕಡ್ಡಿ ಹಿಡಿದು ಕೋಣೆಯ ಕಿಟಕಿ, ಬಾಗಿಲಿಗೆ ಹೋದೆ.

ಕೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ. 1200 ಘನ ಅಡಿ, ಅಂದರೆ 34 ಘನ ಮೀಟರ್. ಮೇಲೆ ಎರಡು ವೆಂಟಿಲೇಟರ್, ಒಂದು ಹಳೆ ಮರದ ಕಿಟಕಿ, ಬಾಗಿಲ ಕೆಳಗೆ ಒಂದು ಬೆರಳು ಹೋಗುವಷ್ಟು ಸಂದು. ವೆಂಟಿಲೇಟರ್‌ಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಟೇಪಿನಿಂದ ಅಂಟಿಸಿದೆ, ಬೇಡವಾದಾಗ ಕಿತ್ತು ತೆಗೆಯಬಹುದು. ಕಿಟಕಿ ರೆಕ್ಕೆಗೆ ಫೋಮ್ ಪಟ್ಟಿ. ಬಾಗಿಲಿನ ಕೆಳಗೆ ಹಳೆ ಪಂಚೆ ಸುರುಳಿ ಸುತ್ತಿ ಇಡುತ್ತೇವೆ.

ಸಂದು ಮುಚ್ಚುವುದಕ್ಕೆ ಇಷ್ಟು ಒದ್ದಾಟ ಯಾಕೆ ಅನ್ನಿಸಬಹುದು. ಲೆಕ್ಕ ನೋಡಿ. ಸಂದುಗಳಿಂದ ಗಂಟೆಗೆ ಎರಡು ಕೋಣೆಯಷ್ಟು ಹೊರಗಿನ ಗಾಳಿ ನುಗ್ಗುತ್ತದೆ, ಪೆಟ್ಟಿಗೆ ಗಂಟೆಗೆ 4.7 ಕೋಣೆಯಷ್ಟು ಸೋಸುತ್ತದೆ ಅಂದುಕೊಳ್ಳಿ. ಒಳಗೆ ಉಳಿಯುವ ಹೊಗೆ, ಹೊರಗಿನದ್ದರ 2 ಭಾಗಿಸು 6.7, ಅಂದರೆ ಶೇ 30. ಸಂದು ಮುಚ್ಚಿ ಸೋರಿಕೆಯನ್ನು ಅರ್ಧ ಕೋಣೆಗೆ ಇಳಿಸಿದರೆ 0.5 ಭಾಗಿಸು 5.2, ಶೇ 10ಕ್ಕೂ ಕಡಿಮೆ. ಹೊರಗೆ 150 ಇದ್ದಾಗ ಒಳಗೆ 45 ಇರಬೇಕಾದದ್ದು 15ಕ್ಕೆ ಇಳಿಯುತ್ತದೆ. ಅದೇ ಫ್ಯಾನು, ಅದೇ ಫಿಲ್ಟರ್. ನೂರಿನ್ನೂರು ರೂಪಾಯಿಯ ಫೋಮ್ ಪಟ್ಟಿ ಮತ್ತು ಟೇಪು ಮಾಡುವ ಕೆಲಸ ಇದು. ಎರಡನೇ ಫ್ಯಾನು ಕೊಳ್ಳುವ ಮೊದಲು ಸಂದು ಮುಚ್ಚಿ.

ಈ 4.7 ಎಲ್ಲಿಂದ ಬಂತು ಅಂದರೆ, ಅದನ್ನೂ ಮನೆಯಲ್ಲೇ ಅಳೆಯಬಹುದು. ಕೋಣೆಯಲ್ಲಿ ಯಾರೂ ಇಲ್ಲದಾಗ ಮೂರ್ನಾಲ್ಕು ಊದಿನಕಡ್ಡಿ ಹಚ್ಚಿಡಿ. ಮೀಟರ್ ಮುನ್ನೂರು ದಾಟಿದ ಮೇಲೆ ಕಡ್ಡಿ ತೆಗೆದು, ಸೀಲಿಂಗ್ ಫ್ಯಾನು ಒಂದೆರಡು ನಿಮಿಷ ಹಾಕಿ ಗಾಳಿ ಬೆರೆಸಿ. ಆಮೇಲೆ ಪೆಟ್ಟಿಗೆ ಆನ್ ಮಾಡಿ ಗಡಿಯಾರ ನೋಡಿ. ಅಂಕಿ ಅರ್ಧಕ್ಕೆ ಇಳಿಯಲು ಎಷ್ಟು ನಿಮಿಷ ಬೇಕೋ ಅದರಿಂದ 42ನ್ನು ಭಾಗಿಸಿ. ಗಂಟೆಗೆ ಎಷ್ಟು ಸಲ ಕೋಣೆಯ ಗಾಳಿ ಶುದ್ಧವಾಗುತ್ತದೆ ಅನ್ನುವುದು ಅದೇ. ನಮ್ಮಲ್ಲಿ ಎಂಟು ನಿಮಿಷ ಬಂತು, ಅಂದರೆ 5.2 ಸಲ. ಪೆಟ್ಟಿಗೆ ಹಾಕದೆಯೂ ಅದೇ ಪರೀಕ್ಷೆ ಮಾಡಿ. ತಾನಾಗಿ ಇಳಿಯುವುದು ಗಂಟೆಗೆ ಅರ್ಧ ಸಲ ಬಂತು. ಅದನ್ನು ಕಳೆದರೆ 4.7. ಕೋಣೆಯ 34 ಘನ ಮೀಟರಿಗೆ ಗುಣಿಸಿದರೆ ಗಂಟೆಗೆ ಸುಮಾರು 160 ಘನ ಮೀಟರ್ ಶುದ್ಧ ಗಾಳಿ.

ಕಾಡಿನ ಹೊಗೆಗೆ ಅಮೆರಿಕದ ಉಪಕರಣ ತಯಾರಕರ ಸಂಘ ಹೇಳುವ ಅಳತೆ ಇನ್ನೂ ಸ್ವಲ್ಪ ಹೆಚ್ಚು. ಕೋಣೆ ಎಷ್ಟು ಚದರಡಿಯೋ ನಿಮಿಷಕ್ಕೆ ಅಷ್ಟು ಘನ ಅಡಿ ಶುದ್ಧ ಗಾಳಿ. 120 ಚದರಡಿಯ ಕೋಣೆಗೆ 120 ಘನ ಅಡಿ, ಅಂದರೆ ಗಂಟೆಗೆ ಸುಮಾರು 200 ಘನ ಮೀಟರ್. ನಮ್ಮದು ಅದಕ್ಕೆ ಕೊಂಚ ಕಡಿಮೆ. ಸಂದು ಮುಚ್ಚಿರುವುದರಿಂದ ಸಾಕಾಗುತ್ತಿದೆ. ಇನ್ನೂ ದೊಡ್ಡ ಕೋಣೆಯವರು ದೊಡ್ಡ ಪ್ಯಾನಲ್ ಹುಡುಕಿ.

ಹೊಗೆ ಇಳಿದ ಮೊದಲ ರಾತ್ರಿ ಹೊರಗೆ ಮೀಟರ್ ನೂರೈವತ್ತರ ಆಸುಪಾಸು ತೋರಿಸಿತು. ಅವ್ವನ ಕೋಣೆಯೊಳಗೆ ಇಪ್ಪತ್ತು ದಾಟಲಿಲ್ಲ. ನಾನು ಬಾಗಿಲು ತೆಗೆದು ಒಳಗೆ ಹೋದಾಗಲೆಲ್ಲ ಒಂದಿಷ್ಟು ಏರಿ ಮತ್ತೆ ಇಳಿಯುತ್ತಿತ್ತು. "ಸುಮ್ನೆ ಹೋಗಿ ಮಲ್ಕೋ, ನಿನ್ನಿಂದಾನೇ ಹೊಗೆ ಬರ್ತಿದೆ" ಅಂದಳು. ಅವಳು ಮಲಗಿದ್ದಳು.

ಜೊತೆಗೆ ಮಾಡಬೇಕಾದದ್ದು

ಪೆಟ್ಟಿಗೆ ಇದೆ ಅಂತ ಕೋಣೆಯೊಳಗೆ ಸೊಳ್ಳೆ ಬತ್ತಿ ಹಚ್ಚಬೇಡಿ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಪಿಎಂ 2.5, ಸಿಗರೇಟಿನ ಲೆಕ್ಕದಲ್ಲಿ 75ರಿಂದ 137 ಸಿಗರೇಟಿಗೆ ಸಮ ಅಂತ 2003ರ ಒಂದು ಅಧ್ಯಯನ ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಅದು ಬೆಟ್ಟದ ಹೊಗೆಗಿಂತ ಕೆಟ್ಟದ್ದು. ಸೊಳ್ಳೆ ಪರದೆ ಕಟ್ಟಿ. ದೇವರ ದೀಪ, ಊದಿನಕಡ್ಡಿ ಬೇರೆ ಕೋಣೆಯಲ್ಲಿ ಇರಲಿ. ಒಳಗೆ ಒಲೆ, ಕೆಂಡ ಯಾವತ್ತೂ ಬೇಡ. ಈ ಫಿಲ್ಟರ್ ಕಣಗಳನ್ನು ಮಾತ್ರ ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡ್‌ನಂಥ ವಿಷಗಾಳಿಯನ್ನು ತಡೆಯುವುದಿಲ್ಲ.

ಏರ್ ಕೂಲರ್ ವಿಷಯ ನಮ್ಮೂರಿಗೆ ಮುಖ್ಯ. ಕಿಟಕಿಗೆ ಕೂರಿಸುವ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡುತ್ತದೆ. ಅದರ ಹುಲ್ಲಿನ ಪ್ಯಾಡ್ ಧೂಳು ಹಿಡಿದೀತು, ಹೊಗೆಯ ಕಣ ಹಿಡಿಯುವುದಿಲ್ಲ. ಹೊಗೆಯ ರಾತ್ರಿ ಅದನ್ನು ಆಫ್ ಮಾಡಿ, ಕಿಟಕಿ ಹಾಕಿ. ಹಾಗಂತ ವಯಸ್ಸಾದವರನ್ನು ಬಿಸಿಲಿನ ಝಳದಲ್ಲಿ ಮುಚ್ಚಿದ ಕೋಣೆಯಲ್ಲಿ ಕೂಡಿಹಾಕುವುದು ಅಷ್ಟೇ ಅಪಾಯ. ಏಪ್ರಿಲ್‌ನಲ್ಲಿ ಇಲ್ಲಿ 37-38 ಡಿಗ್ರಿ ಮುಟ್ಟುತ್ತದೆ. ನಾವು ಮಾಡುವುದು ಹೀಗೆ: ಬಿಸಿಲು ಏರಿ ಮೀಟರ್ ಇಳಿದ ಮೇಲೆ ಎಲ್ಲ ತೆಗೆದು ಗಾಳಿ ಆಡಿಸುತ್ತೇವೆ, ಕತ್ತಲಾಗುವ ಮೊದಲು ಮುಚ್ಚುತ್ತೇವೆ. ರಾತ್ರಿ ಸೀಲಿಂಗ್ ಫ್ಯಾನು ಓಡುತ್ತಲೇ ಇರುತ್ತದೆ. ಬೆಳಗ್ಗೆ ಗಾಳಿ ಆಡಿಸುವುದು ಉಸಿರು ಬಿಟ್ಟ ಗಾಳಿ ಹೊರಗೆ ಹೋಗಲಿಕ್ಕೂ ಬೇಕು. ಹೊಗೆ ಮತ್ತು ಸೆಖೆ ಎರಡೂ ಒಟ್ಟಿಗೆ ಬಂದು ಜೀವಕ್ಕೆ ತಡೆಯಲು ಆಗದಿದ್ದರೆ ಕೆಲವು ದಿನ ದೂರದ ನೆಂಟರ ಮನೆಗೆ ಕಳಿಸುವುದು ಒಳ್ಳೆಯದು.

ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡರೆ ಹೊಗೆ ತಡೆಯುತ್ತದೆ ಅನ್ನುವ ನಂಬಿಕೆ ತುಂಬಾ ಜನಕ್ಕಿದೆ. ಸಣ್ಣ ಕಣಕ್ಕೆ ಅದು ಅಡ್ಡಿಯೇ ಅಲ್ಲ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್, ಎರಡೂ ಪಟ್ಟಿ ತಲೆಯ ಹಿಂದೆ ಬರುವಂಥದ್ದು, ಮೂಗಿನ ಮೇಲಿನ ತಂತಿ ಒತ್ತಿ ಕೂರಿಸಿ. ಗಡ್ಡ ಇದ್ದರೆ ಅಂಚಿನಲ್ಲಿ ಸೋರುತ್ತದೆ. ದಮ್ಮಿನ ಇನ್‌ಹೇಲರ್ ಖಾಲಿಯಾಗುವ ಮೊದಲೇ ಇನ್ನೊಂದು ಮನೆಯಲ್ಲಿರಲಿ. ಬೇಸಿಗೆಗೆ ಮೊದಲು ಡಾಕ್ಟರ್ ಹತ್ತಿರ ಹೋಗಿ ಹೊಗೆಯ ದಿನಗಳಲ್ಲಿ ಎಷ್ಟು ತೆಗೆದುಕೊಳ್ಳಬೇಕು ಅಂತ ಬರೆಸಿಕೊಂಡು ಬನ್ನಿ. ಇನ್‌ಹೇಲರ್ ತೆಗೆದುಕೊಂಡರೂ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ, ಎದೆ ನೋವು ಅಂದರೆ ಪೆಟ್ಟಿಗೆ, ಮೀಟರ್ ನೋಡುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಬೆಂಕಿ ಎಲ್ಲಿ ಬಿದ್ದಿದೆ ಅಂತ ತಿಳಿಯಲು ನಾಸಾದ ಫರ್ಮ್ಸ್ ನಕ್ಷೆ ನೋಡುತ್ತೇನೆ, ಮೊಬೈಲಿನಲ್ಲೇ ಉಚಿತವಾಗಿ ತೆರೆಯುತ್ತದೆ. ಉಪಗ್ರಹದ ವಿಐಐಆರ್‌ಎಸ್ ಉಪಕರಣ ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಸುಮಾರಿಗೆ ಮೇಲೆ ಹಾದುಹೋಗುತ್ತದೆ. 375 ಮೀಟರಿನ ಚೌಕಗಳಲ್ಲಿ ಬಿಸಿ ಜಾಗ ಗುರುತಿಸುತ್ತದೆ, ಕೆಲವು ಗಂಟೆಯಲ್ಲಿ ನಕ್ಷೆಗೆ ಬರುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಇದೇ ಮಾಹಿತಿಯಿಂದ ಎಸ್ಸೆಮ್ಮೆಸ್ ಎಚ್ಚರಿಕೆ ಕಳಿಸುತ್ತದೆ. ಸಂಜೆ ಹೊತ್ತಿಗೆ ಜೋಗಿಮಟ್ಟಿ ಮೇಲೆ ಕೆಂಪು ಚುಕ್ಕೆ ಕಂಡರೆ ಆವತ್ತು ಬೇಗ ಕಿಟಕಿ ಹಾಕುತ್ತೇವೆ. ಕಣ್ಣಿಗೆ ಬೆಂಕಿಯೇ ಕಂಡರೆ 112ಕ್ಕೆ ಫೋನ್ ಮಾಡಿ. ಯಾರಾದರೂ ಮಾಡಿರುತ್ತಾರೆ ಅಂತ ಬಿಡಬೇಡಿ.

ಕರೆಂಟು, ಫಿಲ್ಟರ್, ಮುಂದಿನ ಕೆಲಸ

ಫ್ಯಾನು ಸುಮಾರು 50 ವ್ಯಾಟ್ ತಿನ್ನುತ್ತದೆ. ರಾತ್ರಿ ಹತ್ತು ಗಂಟೆ ಓಡಿದರೆ ಅರ್ಧ ಯೂನಿಟ್. ಕರೆಂಟು ಹೋಗುವ ಕಾಲ ಆದ್ದರಿಂದ ಮನೆಯ ಇನ್ವರ್ಟರ್ ಲೈನಿಗೇ ಪ್ಲಗ್ ಕೊಟ್ಟಿದ್ದೇನೆ. ಚೌಕ ಅಲೆ ಕೊಡುವ ಹಳೆ ಇನ್ವರ್ಟರ್ ಆದರೆ ಮೋಟಾರ್ ಗುಂಯ್ ಅನ್ನುತ್ತದೆ, ಬಿಸಿಯೂ ಆಗುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಆ ತಾಪತ್ರಯ ಇಲ್ಲ.

ಫಿಲ್ಟರ್ ಯಾವಾಗ ಬದಲಾಯಿಸಬೇಕು ಅನ್ನುವುದಕ್ಕೂ ಊದಿನಕಡ್ಡಿ ಪರೀಕ್ಷೆಯೇ ಉತ್ತರ. ಅರ್ಧಕ್ಕೆ ಇಳಿಯುವ ಹೊತ್ತು ಎಂಟು ನಿಮಿಷದಿಂದ ಹನ್ನೆರಡಕ್ಕೆ ಬಂದಾಗ ತೆಗೆಯುತ್ತೇನೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಬೂದು ಬಣ್ಣಕ್ಕೆ ತಿರುಗಿದ ಫಿಲ್ಟರ್ ಕೂಡ ಇನ್ನೂ ಚೆನ್ನಾಗಿ ಹಿಡಿಯುತ್ತಿರುತ್ತದೆ. ಹೆಪಾ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು, ಎಳೆಗಳು ಹಾಳಾಗುತ್ತವೆ. ಬದಲಾಯಿಸುವಾಗ ಮಾಸ್ಕ್ ಹಾಕಿ, ಹೊರಗೆ ತಂದು, ಚೀಲದಲ್ಲಿ ಕಟ್ಟಿ ಬಿಸಾಡಿ. ಕೊಡವಬೇಡಿ.

ಮಳೆ ಹಿಡಿದ ಮೇಲೆ ಫಿಲ್ಟರುಗಳನ್ನು ಬಿಚ್ಚಿ, ಒಣ ದಿನ ನೋಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಇಡುತ್ತೇವೆ. ತೇವ ಕುಡಿದರೆ ಬೂಷ್ಟು ಹಿಡಿಯುತ್ತದೆ. ಮೀಟರ್ ಮಾತ್ರ ವರ್ಷಪೂರ್ತಿ ಓಡುತ್ತದೆ. ಮೆಕ್ಕೆಜೋಳ ಮುರಿದ ಮೇಲೆ ಹೊಲದಲ್ಲಿ ದಂಟಿಗೆ ಬೆಂಕಿ ಇಡುತ್ತಾರೆ. ಹೊಳಲ್ಕೆರೆ, ಚನ್ನಗಿರಿ ಕಡೆ ರಸ್ತೆ ಬದಿ ಸುರಿದ ಅಡಿಕೆ ಸಿಪ್ಪೆ ದಿನಗಟ್ಟಲೆ ಹೊಗೆಯಾಡುತ್ತದೆ. ಊರೊಳಗೆ ಗುಡಿಸಿದ ಎಲೆ, ಕಸಕ್ಕೆ ಕಡ್ಡಿ ಗೀರುವವರು ಇದ್ದೇ ಇದ್ದಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ. ನಮ್ಮ ಓಣಿಯಲ್ಲಿ ಈಗ ಮೀಟರಿನ ಅಂಕಿ ತೋರಿಸಿ ಮಾತಾಡಿದರೆ ಜನ ಕೇಳುತ್ತಿದ್ದಾರೆ. ಆಚಾರ್ರು ತಮ್ಮ ಮನೆಗೊಂದು ಪೆಟ್ಟಿಗೆ ಶುರು ಮಾಡಿದ್ದಾರೆ. ಫ್ಯಾನು ನಾನು ಕೊಡಬೇಕು, ಬುಷ್ ಹಾಕಿ ಆಗಿದೆ, ಕಂಡೆನ್ಸರ್ ಬರಬೇಕಿದೆ.